ಬೆಳಗಾವಿಯಲ್ಲಿ ಕಾರಿನವರಿಗೆ ಒಂದು ಶೆಡ್ ಮಾಡೋಣವೇ? ಕೂಡೋಕೂ ಆಗಬೇಕು, ಪಾನಾ (ಸ್ಪ್ಯಾನರ್) ಹಿಡಿಯೋಕೂ ಆಗಬೇಕು

ಟಿಳಕವಾಡಿ ಪದ್ಮಿನಿ
ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ನನ್ನ ಹತ್ತಿರ ಅಪ್ಪ ತಗೊಂಡ 1986ರ ಪ್ರೀಮಿಯರ್ ಪದ್ಮಿನಿ ಇದೆ. ಕಳೆದ ತಿಂಗಳು ಅವ್ವ ಮತ್ತು ಮಗಳನ್ನು ಕರೆದುಕೊಂಡು ಚೋರ್ಲಾ ಘಾಟಿನಿಂದ ಗೋವಾ ಕಡೆ ಇಳಿಯುತ್ತಿದ್ದೆ. ಅರ್ಧ ಘಾಟು ಇಳಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಯಿತು. ಇನ್ನೆರಡು ತಿರುವು ದಾಟುವಷ್ಟರಲ್ಲಿ ಪೆಡಲ್ ತಳಕ್ಕೇ ಹೋಗಿಬಿಟ್ಟಿತು. ಎರಡನೇ ಗೇರ್, ಆಮೇಲೆ ಒಂದನೇ ಗೇರ್‌ಗೆ ಹಾಕಿದೆ. ಹ್ಯಾಂಡ್‌ಬ್ರೇಕ್ ಚೂರು ಚೂರೇ ಎಳೆಯುತ್ತ ಗುಡ್ಡದ ಬದಿಯ ಮಣ್ಣಿಗೆ ಚಕ್ರ ಒತ್ತಿ ಗಾಡಿ ನಿಲ್ಲಿಸಿದೆ. ಮಗಳು ಏನೂ ಆಗಿಲ್ಲ ಅಂದುಕೊಂಡಳು. ಅವ್ವನಿಗೆ ಗೊತ್ತಾಗಿತ್ತು. ನನ್ನ ಭುಜ ಹಿಡಿದ ಕೈ ಬಹಳ ಹೊತ್ತು ತೆಗೆಯಲಿಲ್ಲ.

ಅರ್ಧ ಗಂಟೆ ಅಲ್ಲೇ ಕೂತೆವು. ಆಮೇಲೆ ತುಳಿದು ನೋಡಿದರೆ ಪೆಡಲ್ ಮೊದಲಿನ ಹಾಗೇ ಗಟ್ಟಿ. ಯಾಕೆ ಹೋಯಿತು, ಹೇಗೆ ಬಂತು, ಒಂದೂ ತಿಳಿಯಲಿಲ್ಲ. ಹೊರಡುವ ಹಿಂದಿನ ವಾರವಷ್ಟೇ ಒಂದು ಗ್ಯಾರೇಜಿನಲ್ಲಿ ತೋರಿಸಿದ್ದೆ. "ಬ್ರೇಕ್ ಆಯಿಲ್ ಹಾಕೀವಿ, ಆರಾಮ ಹೋಗ್ರಿ" ಅಂದಿದ್ದರು.

ಅವತ್ತಿನಿಂದ ಒಂದೇ ಯೋಚನೆ. ನಮ್ಮ ಊರಿನಲ್ಲಿ ಹಳೇ ಕಾರು ಇಟ್ಟುಕೊಂಡವರು ಇದ್ದಾರೆ. ಕಾರ್ಖಾನೆಗಳಿರುವ ಉದ್ಯಮಬಾಗದಲ್ಲಿ ಕಬ್ಬಿಣವನ್ನು ಕೈಯಲ್ಲಿ ಮುಟ್ಟಿಯೇ ತಪ್ಪು ಹೇಳುವ ಹಿರಿಯರು ಇದ್ದಾರೆ. ಕಲಿಯೋಕೆ ಕಾದಿರುವ ಇಂಜಿನಿಯರಿಂಗ್ ಹುಡುಗರು ಇದ್ದಾರೆ. ಈ ಮೂರೂ ಮಂದಿ ಕೂಡುವ ಜಾಗ ಮಾತ್ರ ಇಲ್ಲ. ಮಚ್ಛೆ ಕಡೆ ಒಂದು ಖಾಲಿ ಶೆಡ್ ನೋಡಿದ್ದೇನೆ. 30 ಅಡಿ ಅಗಲ, 60 ಅಡಿ ಉದ್ದ. ಬಾಡಿಗೆ ತಿಂಗಳಿಗೆ 18 ಸಾವಿರ, ಡಿಪಾಜಿಟ್ 1 ಲಕ್ಷ ಕೇಳಿದ್ದಾರೆ. ಒಂದು ಬದಿಗೆ ಕೂತು ಚಹಾ ಕುಡಿಯೋಕೆ ಜಾಗ, ಇನ್ನೊಂದು ಬದಿಗೆ ನಾಲ್ಕು ಕಾರು ನಿಲ್ಲಿಸಿ ಕೆಲಸ ಮಾಡುವ ವರ್ಕ್‌ಶಾಪ್. ಎಲ್ಲರೂ ದುಡ್ಡು ಹಾಕಿ ನಡೆಸೋಣ. ಯಾರ್ಯಾರು ಬರುತ್ತೀರಿ?

ಚೋರ್ಲಾ ಜಿಪ್ಸಿ
ಶನಿವಾರ ರಾತ್ರಿ 9:52

ಅಣ್ಣಾ, ನಾನು ಬಂದೇ ಬರುತ್ತೇನೆ. ಸಾಕಷ್ಟು ವರ್ಷದಿಂದ ಕಾಯುತ್ತಿದ್ದೆ. ನನ್ನ ಮಾರುತಿ ಜಿಪ್ಸಿ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿದೆ. ಅಲ್ಲಿ ಒಂದು ನಟ್ ಬಿಚ್ಚಿದರೂ ಕೆಳಗಿನ ಮನೆಯವರು ಬಂದು ನಿಲ್ಲುತ್ತಾರೆ.

ಉದ್ಯಮಬಾಗ್ ಲೇತ್
ಶನಿವಾರ ರಾತ್ರಿ 10:30

ತಮ್ಮಾ, ಮೊದಲು ನಿನ್ನ ಬ್ರೇಕಿನ ವಿಷಯ. ಅದು ತಿಳಿಯದೆ ಶೆಡ್ಡಿನ ಮಾತು ಬೇಡ.

ಪೆಡಲ್ ತಳಕ್ಕೆ ಹೋಯಿತು, ಆರಿದ ಮೇಲೆ ತಾನೇ ಬಂತು ಅಂದೆಯಲ್ಲ, ಅದರಲ್ಲೇ ಉತ್ತರ ಇದೆ. ಲೀಕ್ ಆಗಿದ್ದರೆ ಪೆಡಲ್ ವಾಪಸ್ ಬರುತ್ತಿರಲಿಲ್ಲ. ನಿನ್ನ ಬ್ರೇಕ್ ಆಯಿಲ್ ಕುದ್ದಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರು ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಕುಡಿದ ಆಯಿಲ್ 140 ಡಿಗ್ರಿಗೇ ಕುದಿಯಬಹುದು. ನಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಆಯಿಲ್ ಕೇಳಬೇಕೇ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ ಒಳಗಿನ ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಘಾಟಿನಲ್ಲಿ ಬ್ರೇಕ್ ಮೇಲೆ ಕಾಲು ಇಟ್ಟೇ ಇಳಿದರೆ, ಚಕ್ರದಲ್ಲಿ ಬ್ರೇಕ್ ಒತ್ತುವ ವ್ಹೀಲ್ ಸಿಲಿಂಡರಿನ ಆಯಿಲ್ ಆವಿಯಾಗುತ್ತದೆ. ಆಯಿಲನ್ನು ಒತ್ತಿ ಕುಗ್ಗಿಸೋಕೆ ಆಗುವುದಿಲ್ಲ. ಆವಿಯನ್ನು ಕುಗ್ಗಿಸಬಹುದು. ನೀನು ಅವತ್ತು ತುಳಿದದ್ದು ಆವಿಯನ್ನು.

ಮೇಲೆ ಡಬ್ಬಿಗೆ ಹೊಸ ಆಯಿಲ್ ಸುರಿದರೆ ಕೆಳಗಿನ ಹಳೇ ಆಯಿಲ್ ಹೋಗುವುದಿಲ್ಲ. ನಾಲ್ಕೂ ಚಕ್ರದಿಂದ ಹಳೆಯದನ್ನು ಪೂರ್ತಿ ಹೊರಗೆ ಬಿಡಬೇಕು. ಅದಕ್ಕೆ ಬ್ಲೀಡಿಂಗ್ ಅನ್ನುತ್ತೇವೆ. ಒಬ್ಬನು ಪೆಡಲ್ ತುಳಿಯಬೇಕು, ಇನ್ನೊಬ್ಬನು ಚಕ್ರದ ಹತ್ತಿರ ಕೂತು ಆಯಿಲ್ ಹೊರಗೆ ಬಿಡುವ ನಿಪ್ಪಲ್ ತೆಗೆದು ಮುಚ್ಚಬೇಕು. ಒಬ್ಬನೇ ಮಾಡಿದರೆ ನೆಟ್ಟಗೆ ಆಗುವುದಿಲ್ಲ.

ಅಲ್ಲಿಯವರೆಗೆ ಆ ಗಾಡಿ ರಸ್ತೆಗೆ ತರಬೇಡ. ಶೆಡ್ಡಿಗೆ ನಾನು ಬರುತ್ತೇನೆ. 38 ವರ್ಷ ಲೇತ್ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಕೆಲಸ ಮಾಡಿದ್ದೇನೆ. ಮನೆಯಲ್ಲಿ ಸುಮ್ನೆ ಕೂತು ಬೇಸರ ಆಗಿದೆ.

ಟಿಳಕವಾಡಿ ಪದ್ಮಿನಿ
ಶನಿವಾರ ರಾತ್ರಿ 10:41

ಕಾಕಾ, ಒಂದು ತಿಂಗಳಿಂದ ಕೇಳಿದ ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ಗಾಡಿ ಹೊರಗೆ ತೆಗೆಯುವುದಿಲ್ಲ. ಮಾತು ಕೊಟ್ಟೆ.

ಶಹಾಪುರ ಲೆಕ್ಕ
ಭಾನುವಾರ ಬೆಳಿಗ್ಗೆ 8:15

ನಾನು ಲೆಕ್ಕಪತ್ರದ ಕೆಲಸದವನು. ಮನೆಯಲ್ಲಿ ಒಂದು ಅಂಬಾಸಿಡರ್ ಇದೆ. ಎಲ್ಲರಿಗೂ ಉಮೇದು ಇರುವಾಗಲೇ ದುಡ್ಡಿನ ಮಾತು ಆಡಿಬಿಡೋಣ.

ಬಾಡಿಗೆ 18 ಸಾವಿರ. ಕರೆಂಟು, ನೀರು, ಕಸ, ಸಣ್ಣಪುಟ್ಟ ಸಾಮಾನು, ವಿಮೆಯ ಕಂತು ಸೇರಿ ತಿಂಗಳಿಗೆ 7 ಸಾವಿರ ಹಿಡಿಯಿರಿ. 25 ಸಾವಿರ ಆಯಿತು. 20 ಜನ ಇದ್ದರೆ ತಲೆಗೆ 1,250. ಈಗ ಹೂಂ ಅಂದು ಆಮೇಲೆ 14 ಜನ ಮಾತ್ರ ಉಳಿದರೆ ಸುಮಾರು 1,790. ನಿಜವಾದ ಲೆಕ್ಕ ಈ ಎರಡನೆಯದು. ಅದಕ್ಕೆ ತಯಾರಿದ್ದವರು ಮಾತ್ರ ಹೂಂ ಅನ್ನಿ.

ಶುರುವಿಗೆ ಬೇಕಾದದ್ದು ಬೇರೆ. ಡಿಪಾಜಿಟ್ 1 ಲಕ್ಷ. ಕಂಪ್ರೆಸರ್, ಟ್ರಾಲಿ ಜಾಕ್, ಸ್ಟ್ಯಾಂಡು, ವೈಸ್, ಲೈಟು, ಬೆಂಕಿ ಆರಿಸುವ ಸಿಲಿಂಡರ್ ಎಲ್ಲ ಸೇರಿ 1 ಲಕ್ಷ. ಕಾರು ಮೇಲೆತ್ತುವ ಎರಡು ಕಂಬದ ಲಿಫ್ಟ್ ಮತ್ತು ಅದರ ಪಾಯಕ್ಕೆ 2 ಲಕ್ಷ ಹಿಡಿದರೆ ಒಟ್ಟು 4 ಲಕ್ಷ, ತಲೆಗೆ 20 ಸಾವಿರ. ಲಿಫ್ಟ್ ಮುಂದಿನ ವರ್ಷಕ್ಕೆ ಬಿಟ್ಟರೆ ತಲೆಗೆ 10 ಸಾವಿರ ಸಾಕು. ಬಿಡಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಒಬ್ಬರ ಹೆಸರಿನಲ್ಲಿ ಬಾಡಿಗೆ ಕರಾರು ಮಾಡಿ ನಡೆಸಬೇಡಿ. ಜಗಳ ಆದ ದಿನ ಸಾಮಾನೆಲ್ಲ ಯಾರದು ಎಂಬ ಪ್ರಶ್ನೆ ಬರುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಉದ್ದೇಶ, ನಿಯಮ ಬರೆದು ಕೊಡಬೇಕು, ವರ್ಷಕ್ಕೊಮ್ಮೆ ಲೆಕ್ಕ ತೋರಿಸಬೇಕು. ಲಾಭ ಹಂಚಿಕೊಳ್ಳೋಕೆ ಬರುವುದಿಲ್ಲ. ನಮಗೆ ಲಾಭ ಬೇಕಾಗಿಯೂ ಇಲ್ಲ, ಅಲ್ವಾ?

ಮಚ್ಛೆ ಹುಡುಗ
ಭಾನುವಾರ ಬೆಳಿಗ್ಗೆ 9:05

ಸರ್, ನಾನು ಮೆಕ್ಯಾನಿಕಲ್ ಮೂರನೇ ವರ್ಷ. ತಿಂಗಳಿಗೆ 1,790 ನನ್ನ ಕೈಲಿ ಆಗುವುದಿಲ್ಲ. ಆದರೆ ಭಾನುವಾರ ಪೂರ್ತಿ ಬಂದು ಕೆಲಸ ಮಾಡುತ್ತೇನೆ. ನನ್ನಂಥವರನ್ನು ಸೇರಿಸಿಕೊಳ್ಳುತ್ತೀರಾ? ಕಾಲೇಜಿನಲ್ಲಿ ಇಂಜಿನ್ನನ್ನು ಅರ್ಧ ಕತ್ತರಿಸಿ ಬಣ್ಣ ಬಳಿದು ಇಟ್ಟಿದ್ದಾರೆ. ಓಡುವ ಇಂಜಿನ್ನು ಬಿಚ್ಚಿದ್ದು ಇವತ್ತಿನವರೆಗೆ ಇಲ್ಲ.

ಜಮಖಂಡಿ ಜೀಪ್
ಭಾನುವಾರ ಬೆಳಿಗ್ಗೆ 9:40

ಆ ಹುಡುಗನಿಗೆ ನಾನು ಉತ್ತರ ಹೇಳುತ್ತೇನೆ. ನಮ್ಮ ಕಡೆ ಹೊಲದಲ್ಲಿ ಮುಯ್ಯಾಳು ಅಂತ ಇದೆ. ಇವತ್ತು ನಾನು ನಿನ್ನ ಹೊಲಕ್ಕೆ ಬಂದೆ, ನಾಳೆ ನೀನು ನನ್ನ ಹೊಲಕ್ಕೆ ಬಾ. ಕೂಲಿ ಇಲ್ಲ, ಲೆಕ್ಕ ಮಾತ್ರ ಇದೆ. ಶೆಡ್ಡಿನಲ್ಲಿ ಒಂದು ಮುಯ್ಯಿ ಪುಸ್ತಕ ಇಡಿ. ನನ್ನ ಗಾಡಿಗೆ ನೀನು ನಾಲ್ಕು ತಾಸು ದುಡಿದರೆ ಆ ನಾಲ್ಕು ತಾಸು ನಿನ್ನ ಹೆಸರಿಗೆ ಜಮಾ. ಓದುವ ಹುಡುಗರು ದುಡ್ಡಿನ ಬದಲು ತಾಸು ಕೊಡಲಿ.

ನನ್ನದು ಮಹೀಂದ್ರಾ 540 ಜೀಪು. ಬೆಳಗಾವಿಗೆ ಬರೋಕೆ ಮೂರು ತಾಸು ಬೇಕು, ಹಾಗಾಗಿ ತಿಂಗಳಿಗೆ ಒಂದು ಸಲ ಬಂದೇನು. ಸದಸ್ಯತ್ವ ಪೂರ್ತಿ ಕೊಡುತ್ತೇನೆ. ಯಾಕಂದರೆ ಜಮಖಂಡಿ, ಮುಧೋಳ ಕಡೆ ಜೀಪು ಬಹಳ ಇವೆ, ಇಂಥ ಜಾಗ ಒಂದೂ ಇಲ್ಲ. ಇದು ನಡೆದರೆ ನಾವೂ ಒಂದು ಮಾಡುತ್ತೇವೆ. ಈ ಜೀಪುಗಳನ್ನು ಕಟ್ಟಿದ ಮಿಸ್ತ್ರಿಗಳು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ನಮ್ಮ ಊರಿನಲ್ಲಿ ಟ್ರಾನ್ಸ್‌ಫರ್ ಕೇಸ್ (ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಬಿಚ್ಚಿ ಕೂಡಿಸುವವರು ಈಗ ಒಬ್ಬರೇ ಉಳಿದಿದ್ದಾರೆ. ಅವರಿಗೂ ಕಣ್ಣು ಮಂಜು.

ಚೋರ್ಲಾ ಜಿಪ್ಸಿ
ಭಾನುವಾರ ಬೆಳಿಗ್ಗೆ 10:10

ಮುಯ್ಯಿ ಪುಸ್ತಕ ಬಹಳ ಚೆನ್ನಾಗಿದೆ. ಆದರೆ ಲಿಫ್ಟ್ ಬಿಡಬೇಡಿ ಅಂತ ನನ್ನ ಕೋರಿಕೆ. ಲಿಫ್ಟ್ ಇಲ್ಲದಿದ್ದರೆ ಕಾರಿನ ಕೆಳಗೆ ನಿಂತು ಕೆಲಸ ಮಾಡೋಕೆ ಒಂದು ಗುಂಡಿಯಾದರೂ ತೋಡಿಸೋಣ. ನೆಲ ಅಗೆದು ಇಟ್ಟಿಗೆ ಕಟ್ಟಿದರೆ ಆಯಿತು, ಕಡಿಮೆಯಲ್ಲಿ ಮುಗಿಯುತ್ತದೆ. ಹಳೇ ಗ್ಯಾರೇಜುಗಳಲ್ಲಿ ಎಲ್ಲ ಕಡೆ ಗುಂಡಿಯೇ ಇತ್ತಲ್ಲ?

ಉದ್ಯಮಬಾಗ್ ಲೇತ್
ಭಾನುವಾರ ಮಧ್ಯಾಹ್ನ 12:20

ಗುಂಡಿ ಬೇಡವೇ ಬೇಡ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ಗುಂಡಿಗೆ ಇಳಿಯುತ್ತದೆ, ಅಲ್ಲೇ ನಿಲ್ಲುತ್ತದೆ. ಕಾರ್ಬುರೇಟರಿನಿಂದ (ಇಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಭಾಗ) ಹನಿ ಬೀಳುವ ಗಾಡಿ ಮೇಲೆ ನಿಂತಿದೆ, ಕೆಳಗೆ ಹುಡುಗ ಕೈಯಲ್ಲಿ ವೈರಿನ ಬಲ್ಬು ಹಿಡಿದು ನಿಂತಿದ್ದಾನೆ. ಬಲ್ಬು ಜಾರಿ ಒಡೆಯಿತು. ಮುಂದಿನದು ನಾನು ಒಂದು ಸಲ ಕಣ್ಣಾರೆ ನೋಡಿದ್ದೇನೆ. ಆ ಹುಡುಗ ಬದುಕಿದ, ಆದರೆ ಕೈ ಮೊದಲಿನ ಹಾಗೆ ಆಗಲಿಲ್ಲ. ಹಳೇ ಗ್ಯಾರೇಜುಗಳಲ್ಲಿ ಗುಂಡಿ ಇತ್ತು ನಿಜ. ಬೇರೆ ದಾರಿ ಇರಲಿಲ್ಲ, ಅದಕ್ಕೆ ಇತ್ತು. ಮೇಲಾಗಿ ನಮ್ಮ ಮಳೆಗೆ ಆ ಗುಂಡಿ ಜುಲೈ ತಿಂಗಳಲ್ಲಿ ಬಾವಿ ಆಗುತ್ತದೆ.

ಲಿಫ್ಟ್ ತರೋಣ, ಆದರೆ ಅದಕ್ಕೆ ತಕ್ಕ ನೆಲ ಬೇಕು. ಎರಡು ಕಂಬದ ಲಿಫ್ಟಿನಲ್ಲಿ ಪೂರ್ತಿ ಭಾರ ಕಂಬದ ಬುಡದ ಬೋಲ್ಟಿನ ಮೇಲೆ ನಿಲ್ಲುತ್ತದೆ. ಸುಮ್ನೆ ಮಾಮೂಲಿ ಶೆಡ್ಡಿನ ನೆಲಕ್ಕೆ ಬೋಲ್ಟ್ ಹೊಡೆದರೆ ಅದು ಕಿತ್ತು ಬರುತ್ತದೆ, ಕಾರು ಮಗುಚುತ್ತದೆ. ಆ ಭಾಗದಲ್ಲಿ ಹಳೇ ನೆಲ ಒಡೆದು, ಕಬ್ಬಿಣ ಕಟ್ಟಿ, ಕಡಿಮೆ ಅಂದರೆ 6 ಇಂಚು ದಪ್ಪ ಕಾಂಕ್ರೀಟ್ ಹಾಕಬೇಕು. 28 ದಿನ ಅದನ್ನು ಮುಟ್ಟಬಾರದು. ಶೆಡ್ಡಿನ ಮಾಡು (ಛಾವಣಿ) ಎಷ್ಟು ಎತ್ತರ ಇದೆ ಅಳತೆ ಮಾಡಿದ್ದೀರಾ? ಕಾರು ಆಳೆತ್ತರಕ್ಕೆ ಏರಿ, ಮಾಡಿನ ತಗಡಿಗೆ ತಾಗದೆ ಇರಬೇಕಾದರೆ 13-14 ಅಡಿ ಬೇಕು. ಜೀಪಿಗೆ ಇನ್ನೂ ಜಾಸ್ತಿ.

ಲೆಕ್ಕದ ಸರ್ ಹೇಳಿದ್ದು ಸರಿ. ಈ ವರ್ಷ ನೆಲ ಮಾಡೋಣ. ಲಿಫ್ಟ್ ಮುಂದಿನ ವರ್ಷ ಬರಲಿ. ಅಲ್ಲಿಯವರೆಗೆ ಜಾಕ್ ಮತ್ತು ಸ್ಟ್ಯಾಂಡ್. ಜಾಕ್ ಇರುವುದು ಎತ್ತೋಕೆ ಮಾತ್ರ. ಹಿಡಿಯೋದು ಸ್ಟ್ಯಾಂಡಿನ ಕೆಲಸ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಿದವರನ್ನು ನಾನು ಅವತ್ತೇ ಮನೆಗೆ ಕಳಿಸುತ್ತೇನೆ.

ಚೋರ್ಲಾ ಜಿಪ್ಸಿ
ಭಾನುವಾರ ಮಧ್ಯಾಹ್ನ 12:31

ಒಪ್ಪಿದೆ ಕಾಕಾ. ಗುಂಡಿಯ ಮಾತು ವಾಪಸ್ ತಗೊಂಡೆ. ನನ್ನ ಹತ್ತಿರ ನಾಲ್ಕು ಒಳ್ಳೆಯ ಸ್ಟ್ಯಾಂಡ್ ಇವೆ, ಶೆಡ್ಡಿಗೇ ಕೊಡುತ್ತೇನೆ.

ಆಟೋನಗರ ಗ್ಯಾರೇಜ್
ಭಾನುವಾರ ಸಂಜೆ 6:50

ನಿನ್ನೆಯಿಂದ ಎಲ್ಲ ಓದುತ್ತಿದ್ದೇನೆ. ನಾನು 22 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ, ಐದು ಹುಡುಗರು ಇದ್ದಾರೆ. ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳುತ್ತೇನೆ.

ಮೊದಲನೆಯದು ಪದ್ಮಿನಿಯವರ ಬ್ರೇಕ್. ಹಾಗೆ ಆಯಿಲ್ ಸುರಿದು ಕಳಿಸಿದ್ದು ತಪ್ಪು. ಆದರೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸೋಣ ಅಂತ ನಾನು ಗಿರಾಕಿಗೆ ಹೇಳಿದರೆ ಹತ್ತರಲ್ಲಿ ಎಂಟು ಮಂದಿ "ಈಗ ಬ್ರೇಕ್ ಹಿಡೀತದಲ್ಲ, ಬ್ಯಾಡ ಬಿಡ್ರಿ" ಅನ್ನುತ್ತಾರೆ. ಒಂದು ತಾಸಿನ ಕೆಲಸಕ್ಕೆ ದುಡ್ಡು ಕೊಡೋಕೆ ಮನಸ್ಸಿಲ್ಲ. ಇದನ್ನೂ ನೀವು ತಿಳಿಯಬೇಕು.

ಎರಡನೆಯದು ನನ್ನ ಭಯ. ನಾನು ಬಾಡಿಗೆ ಕಟ್ಟುತ್ತೇನೆ, ಹುಡುಗರಿಗೆ ಪಗಾರ ಕೊಡುತ್ತೇನೆ, ಟ್ರೇಡ್ ಲೈಸೆನ್ಸ್ ಇದೆ. ನಿಮ್ಮ ಶೆಡ್ಡಿನಲ್ಲಿ ಇವತ್ತು ಸದಸ್ಯರ ಕಾರು. ನಾಳೆ ಸದಸ್ಯರ ಅಳಿಯನ ಕಾರು. ನಾಡಿದ್ದು ಅಳಿಯನ ದೋಸ್ತನ ಕಾರು, ಕೈಗೆ 500 ಕೊಟ್ಟು. ಆಮೇಲೆ ಆಟೋನಗರದಲ್ಲಿ ನಾವು ಏನು ಮಾಡಬೇಕು?

ಶಹಾಪುರ ಲೆಕ್ಕ
ಭಾನುವಾರ ಸಂಜೆ 7:20

ಅಣ್ಣಾರ, ಸರಿಯಾದ ಮಾತು. ನಿಯಮದಲ್ಲೇ ಬರೆಯೋಣ. ಸದಸ್ಯರ ಹೆಸರಿನಲ್ಲಿ ಆರ್‌ಸಿ ಇರುವ, ಇಲ್ಲವೇ ಅವರ ಮನೆಯವರ ಹೆಸರಿನಲ್ಲಿರುವ ಗಾಡಿ ಮಾತ್ರ ಒಳಗೆ. ದುಡ್ಡು ತಗೊಂಡು ಕೆಲಸ ಮಾಡಿದರೆ ಸದಸ್ಯತ್ವ ರದ್ದು. ಇದು ನಿಮಗಾಗಿ ಮಾತ್ರ ಅಲ್ಲ. ದುಡ್ಡಿನ ಕೆಲಸ ಶುರುವಾದರೆ ಸಂಘ ಹೋಗಿ ವ್ಯಾಪಾರ ಆಗುತ್ತದೆ, ಲೈಸೆನ್ಸು, ತೆರಿಗೆ, ವಿಮೆ ಎಲ್ಲ ಬದಲಾಗುತ್ತದೆ.

ವಿಮೆ ಅಂದಾಗ ನೆನಪಾಯಿತು. ಕಾರಿನ ಥರ್ಡ್ ಪಾರ್ಟಿ ವಿಮೆ ರಸ್ತೆಗೆ. ಶೆಡ್ಡಿನೊಳಗೆ ಯಾರ ಕೈ ಸಿಕ್ಕರೂ ಅದು ಬರುತ್ತದೆ ಅಂದುಕೊಳ್ಳಬೇಡಿ. ಶೆಡ್ಡಿಗೆ ಬೆಂಕಿಯ ವಿಮೆ, ಹೊರಗಿನವರಿಗೆ ತೊಂದರೆ ಆದರೆ ಅದಕ್ಕೊಂದು, ಸದಸ್ಯರಿಗೆ ಅಪಘಾತ ವಿಮೆ, ಮೂರೂ ಬೇಕು. "ನನಗೇನಾದರೂ ಆದರೆ ನಾನೇ ಹೊಣೆ" ಅಂತ ಸಹಿ ಹಾಕಿಸಿಕೊಂಡರೆ ನಾವು ಪಾರಾಗುವುದಿಲ್ಲ. ನಮ್ಮ ಅಲಕ್ಷ್ಯ ಇದ್ದರೆ ನಮ್ಮದೇ ಹೊಣೆ.

ಅನಗೋಳದ 800
ಭಾನುವಾರ ರಾತ್ರಿ 8:30

ನನ್ನ ಮಾತನ್ನೂ ಕೇಳಿ. ನನ್ನ ಹತ್ತಿರ 1998ರ ಮಾರುತಿ 800 ಇದೆ. ಡ್ರೈವಿಂಗ್ ಕಲಿತದ್ದು ಅದರಲ್ಲೇ, ಮಕ್ಕಳನ್ನು ಶಾಲೆಗೆ ಬಿಟ್ಟದ್ದು ಅದರಲ್ಲೇ. ಮಾರುವ ಮನಸ್ಸಿಲ್ಲ.

ಗ್ಯಾರೇಜಿಗೆ ಹೋದರೆ ನನಗೆ ಮರ್ಯಾದೆಯಿಂದ ಕುರ್ಚಿ ಕೊಡುತ್ತಾರೆ, ಚಹಾನೂ ತರಿಸುತ್ತಾರೆ. ಆದರೆ ಕಾರಿನ ಹತ್ತಿರ ನಿಲ್ಲೋಕೆ ಬಿಡುವುದಿಲ್ಲ. "ಅಕ್ಕಾರ, ನೀವು ಕೂಡ್ರಿ" ಅಂತಾರೆ. ಏನು ಕೆಟ್ಟಿದೆ ಅಂತ ಕೇಳಿದರೆ ನನ್ನ ಜೊತೆ ಬಂದ 16 ವರ್ಷದ ಮಗನಿಗೆ ಉತ್ತರ ಹೇಳುತ್ತಾರೆ. ದುಡ್ಡು ಮಾತ್ರ ನನ್ನಿಂದ ತಗೊಳ್ಳುತ್ತಾರೆ. ನನಗೆ ಬೇಕಾದದ್ದು ಕುರ್ಚಿ ಅಲ್ಲ. ಬಾನೆಟ್ ತೆಗೆದಾಗ ಯಾವುದು ಏನು ಅಂತ ನನಗೆ ತಿಳಿಯಬೇಕು.

ಹಾಗಾಗಿ ಶೆಡ್ಡಿಗೆ ನನ್ನ 10 ಸಾವಿರ ಇದೆ. ಆದರೆ ಒಳಗಿನಿಂದ ಚಿಲಕ ಹಾಕುವ, ನೀರು ಬರುವ ಶೌಚಾಲಯ ಇಲ್ಲದಿದ್ದರೆ ನಾನು ಬರುವುದಿಲ್ಲ, ನನ್ನಂಥ ಯಾರೂ ಬರುವುದಿಲ್ಲ. ಕಂಪ್ರೆಸರ್ ಆಮೇಲೆ ತಗೊಳ್ಳಿ. ಇದು ಮೊದಲು.

ಟಿಳಕವಾಡಿ ಪದ್ಮಿನಿ
ಭಾನುವಾರ ರಾತ್ರಿ 8:44

ಅಕ್ಕಾ, ನಾನು ಶೆಡ್ ನೋಡಿದಾಗ ಶೌಚಾಲಯ ನೋಡಲೇ ಇಲ್ಲ. ತಪ್ಪು ನನ್ನದು. ನಾಳೆ ಹೋಗಿ ನೋಡಿ ಬರುತ್ತೇನೆ.

ಮಚ್ಛೆ ಹುಡುಗ
ಭಾನುವಾರ ರಾತ್ರಿ 9:15

ನಮ್ಮ ಗೆಳೆಯರೂ ಬರುತ್ತೇವೆ ಅನ್ನುತ್ತಿದ್ದಾರೆ. ಅವರಿಗೆ ಹಳೇ ಕಾರಿಗಿಂತ ಮಾಡಿಫಿಕೇಶನ್ ಮೇಲೆ ಆಸೆ. ಸೈಲೆನ್ಸರ್ ಬದಲಿಸುವುದು, ದೊಡ್ಡ ಟೈರು, ಇಂಜಿನ್ ಬದಲು ಮಾಡುವುದು. ಇದಕ್ಕೆಲ್ಲ ಶೆಡ್ಡಿನಲ್ಲಿ ಅವಕಾಶ ಇರುತ್ತಾ?

ಚೋರ್ಲಾ ಜಿಪ್ಸಿ
ಭಾನುವಾರ ರಾತ್ರಿ 9:50

ತಮ್ಮಾ, ಇದರಲ್ಲಿ ನಾನು ಪೆಟ್ಟು ತಿಂದವನು, ಹಾಗಾಗಿ ನಾನೇ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಇಂಜಿನ್ ಬದಲಿಸಬೇಕಾದರೆ ಮೊದಲೇ ಆರ್‌ಟಿಒ ಅನುಮತಿ ಬೇಕು. ಬೇರೆ ಬಣ್ಣ ಹೊಡೆಸಿದರೂ ಆರ್‌ಸಿಯಲ್ಲಿ ಬರೆಸಬೇಕು. ನಾನು ಜಿಪ್ಸಿಗೆ ದೊಡ್ಡ ಟೈರು ಹಾಕಿಸಿ ದಂಡ ಕಟ್ಟಿದೆ, ಆಮೇಲೆ ತೆಗೆಸಿದೆ. ಟೈರು ಗಾಡಿಯ ಮೈಗೆ ಉಜ್ಜಿ ಒಳಗಿನ ತಗಡೂ ಹಾಳಾಗಿತ್ತು.

ಕಂಪನಿಯಿಂದ ಬಂದ ಹಾಗೇ ಗಾಡಿಯನ್ನು ತರುವುದು ಎಷ್ಟು ಕಷ್ಟ ಅಂತ ಒಂದು ಸಲ ಮಾಡಿ ನೋಡು. ಅದರಲ್ಲೇ ಮೂರು ವರ್ಷ ಕಲಿಯುವಷ್ಟು ಇದೆ.

ಶಹಾಪುರ ಲೆಕ್ಕ
ಭಾನುವಾರ ರಾತ್ರಿ 10:05

ಹಳೇ ಗಾಡಿಯ ಕಾಗದದ ಬಗ್ಗೆಯೂ ಶೆಡ್ಡಿನಲ್ಲಿ ಒಂದು ದಿನ ಕೂಡೋಣ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ಮರುನೋಂದಣಿ. 600 ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. 50 ವರ್ಷ ದಾಟಿದ ಗಾಡಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂತು. ಹೊಸದಾಗಿ ಮಾಡಿಸಲು 20 ಸಾವಿರ, 10 ವರ್ಷಕ್ಕೆ ನಡೆಯುತ್ತದೆ. ಆದರೆ ಆ ನಂಬರು ಹಾಕಿಸಿಕೊಂಡರೆ ದಿನದ ಓಡಾಟಕ್ಕೆ ಗಾಡಿ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು ಮಾತ್ರ. ಅಜ್ಜನ ಗಾಡಿಯಲ್ಲಿ ದಿನಾ ಮಾರ್ಕೆಟ್ಟಿಗೆ ಹೋಗುವ ಆಸೆ ಇದ್ದವರು ಇದನ್ನು ನೋಡಿಕೊಂಡು ಮುಂದುವರಿಯಿರಿ.

ಆಟೋನಗರ ಗ್ಯಾರೇಜ್
ಸೋಮವಾರ ರಾತ್ರಿ 9:30

ಲೆಕ್ಕದ ಸರ್ ಬರೆದದ್ದು ಓದಿದೆ. ದುಡ್ಡಿನ ಕೆಲಸ ಇಲ್ಲ ಅಂತ ನಿಯಮದಲ್ಲಿ ಬರುವುದಾದರೆ ನನ್ನ ತಕರಾರು ಇಲ್ಲ.

ರಾತ್ರಿ ಯೋಚನೆ ಮಾಡಿದೆ. ನನ್ನ ಹುಡುಗರಲ್ಲಿ ಇಬ್ಬರು ಹೊಸ ಗಾಡಿಗೆ ಸ್ಕ್ಯಾನರ್ ಹಾಕಿ, ಏನು ಕೆಟ್ಟಿದೆ ಅಂತ ಹೇಳುವ ಕೋಡ್ ಓದುವುದರಲ್ಲಿ ಬಹಳ ಹುಷಾರು. ಆದರೆ ಕಾರ್ಬುರೇಟರ್ ಬಿಚ್ಚಿ ಕೊಟ್ಟರೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್ ಯಾವುದು ಎಲ್ಲಿ ಅಂತ ಗೊತ್ತಿಲ್ಲ. ಹಳೇ ಕಾರು ಬಂದರೆ ನಾನೇ ಕೂಡಬೇಕು. ಕಾಕಾ ಭಾನುವಾರ ಕಲಿಸುವುದಾದರೆ ಆ ಇಬ್ಬರನ್ನು ಕಳಿಸುತ್ತೇನೆ. ಅವರು ಹೊಸ ಗಾಡಿಯ ವೈರಿಂಗ್ ಹುಡುಗರಿಗೆ ಹೇಳಿಕೊಡಲಿ. ಅದೂ ಮುಯ್ಯಿಯೇ ಆಯಿತಲ್ಲ.

ನನ್ನಿಂದ ಒಂದು ಷರತ್ತು. ಬ್ರೇಕ್, ಸ್ಟೀರಿಂಗ್ ಕೆಲಸ ಸದಸ್ಯರು ಮಾಡಿಕೊಂಡರೆ, ಗಾಡಿ ಗೇಟು ದಾಟುವ ಮೊದಲು ತಿಳಿದವರೊಬ್ಬರು ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ನಾನು ವಾರಕ್ಕೊಂದು ಸಂಜೆ ಬಂದು ನೋಡುತ್ತೇನೆ. ದುಡ್ಡು ಬೇಡ.

ಉಪಯೋಗಿಸಿದ ಇಂಜಿನ್ ಆಯಿಲ್ ಬಗ್ಗೆ ಯಾರೂ ಮಾತಾಡಿಲ್ಲ. ಅದನ್ನು ಗಟಾರಿಗೆ ಬಿಡುವ ಹಾಗಿಲ್ಲ. 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇದ್ದವರಿಗೇ ಕೊಡಬೇಕು. ಮುಚ್ಚಳದ ಬ್ಯಾರೆಲ್ ಇಡಿ. ನನ್ನ ಗ್ಯಾರೇಜಿನ ಆಯಿಲ್ ಒಯ್ಯುವವರ ಗಾಡಿಯೇ ಅಲ್ಲಿಗೂ ಬರುವ ಹಾಗೆ ನಾನು ಮಾತಾಡುತ್ತೇನೆ. ಎಣ್ಣೆಯ ಬಟ್ಟೆ, ಕಾಟನ್ ವೇಸ್ಟ್ ಹಾಕೋಕೆ ಮುಚ್ಚಳದ ಕಬ್ಬಿಣದ ಡಬ್ಬಿ ಬೇರೆ ಇರಲಿ.

ಉದ್ಯಮಬಾಗ್ ಲೇತ್
ಸೋಮವಾರ ರಾತ್ರಿ 9:58

ಆಟೋನಗರದವರು ದೊಡ್ಡ ಮನಸ್ಸು ಮಾಡಿದ್ದೀರಿ. ಹುಡುಗರನ್ನು ಕಳಿಸಿ, ನನಗೆ ಬಂದದ್ದನ್ನೆಲ್ಲ ಹೇಳಿಕೊಡುತ್ತೇನೆ.

ಬಿಡಿಭಾಗದ ವಿಷಯ ಒಂದಿದೆ. ಪದ್ಮಿನಿಯ ಸಾಮಾನು ಮುಂಬಯಿಯ ಟ್ಯಾಕ್ಸಿಗಳಿಂದಾಗಿ ಇಷ್ಟು ವರ್ಷ ಸಿಕ್ಕಿತು. ಅಲ್ಲಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಇನ್ನು ಮೇಲೆ ಕಷ್ಟ. ಆದರೆ ನಾವು ಇರುವುದು ಬೆಳಗಾವಿಯಲ್ಲಿ. ಎರಕ ಹೊಯ್ಯುವ ಫೌಂಡ್ರಿ ಇದೆ, ಎರಕಕ್ಕೆ ಪ್ಯಾಟರ್ನ್ ಅಂದರೆ ಮಾದರಿ ಮಾಡುವವರು ಇದ್ದಾರೆ, ಲೇತ್ ಇದೆ, ಹೈಡ್ರಾಲಿಕ್ ಸಿಲಿಂಡರಿಗೆ ಹೋನಿಂಗ್ (ಒಳಮೈ ಉಜ್ಜಿ ನುಣುಪು) ಮಾಡುವವರು ಇದ್ದಾರೆ. ಬೇರೆ ಊರಿನವರಿಗೆ ಈ ಭಾಗ್ಯ ಇಲ್ಲ.

ಒಡೆದ ಥರ್ಮೋಸ್ಟಾಟ್ ಹೌಸಿಂಗ್ (ಇಂಜಿನ್ ತಂಪು ಮಾಡುವ ನೀರಿನ ದಾರಿಯ ಒಂದು ಭಾಗ) ಇದೆ ಅಂತ ಇಟ್ಟುಕೊಳ್ಳಿ. ಅದನ್ನೇ ನೋಡಿಕೊಂಡು ಕಟ್ಟಿಗೆಯಲ್ಲಿ ಪ್ಯಾಟರ್ನ್ ಮಾಡಬಹುದು. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಲೋಹ ಹೊಯ್ಯುತ್ತಾರೆ. ಆದರೆ ಅದೇ ಅಳತೆಗೆ ಮಾಡಿದರೆ ಬರುವ ಕಾಸ್ಟಿಂಗ್ ಸಣ್ಣದಾಗುತ್ತದೆ. ಲೋಹ ಆರುವಾಗ ಕುಗ್ಗುತ್ತದೆ. ಬೀಡಿನ ಕಬ್ಬಿಣ ನೂರಕ್ಕೆ ಸುಮಾರು ಒಂದರಷ್ಟು. 300 ಮಿಲಿಮೀಟರ್ ಬೇಕಾದ ಕಡೆ ಪ್ಯಾಟರ್ನ್ 303 ಇರಬೇಕು. ಅಲ್ಯೂಮಿನಿಯಂ ಇನ್ನೂ ಸ್ವಲ್ಪ ಜಾಸ್ತಿ ಕುಗ್ಗುತ್ತದೆ. ಇದನ್ನು ಓದಿದ ಹುಡುಗರು ಬಹಳ. ಮರಳಿನ ಪೆಟ್ಟಿಗೆ ಮುಂದೆ ನಿಂತು, ಅಂಗೈಯಲ್ಲಿ ಮರಳು ಹಿಸುಕಿ, ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಅಂತ ಹೇಳುವವರು ಕಡಿಮೆ ಆಗುತ್ತಿದ್ದಾರೆ. ಮರಳಿನ ಅಚ್ಚು ಮಾಡುವ ಮೋಲ್ಡರ್ ಒಬ್ಬರು ನನ್ನ ಪರಿಚಯದವರಿದ್ದಾರೆ, 70 ದಾಟಿದೆ. ಅವರನ್ನು ಕರೆತರುತ್ತೇನೆ. ಅವರಿಗೆ ಕೂಡೋಕೆ ಬೆನ್ನು ಆನಿಸುವ ಕುರ್ಚಿ ಇರಲಿ, ಅಷ್ಟೇ.

ಬ್ರೇಕ್ ಡ್ರಮ್, ಸ್ಟೀರಿಂಗಿನ ಭಾಗ ಮಾತ್ರ ನಾವು ಎರಕ ಹೊಯ್ಯುವುದಿಲ್ಲ. ಅದು ಪರೀಕ್ಷೆ ಆಗಿ ಬಂದದ್ದೇ ಬೇಕು.

ಜಮಖಂಡಿ ಜೀಪ್
ಸೋಮವಾರ ರಾತ್ರಿ 10:20

ಕಾಕಾ ಬರೆದದ್ದನ್ನು ಮಗನಿಗೆ ಓದಿ ಹೇಳಿದೆ. ಆ ಮೋಲ್ಡರ್ ಬರುವ ಭಾನುವಾರ ನಾನೂ ಬರುತ್ತೇನೆ.

ಸಾಮಾನಿನ ಬಗ್ಗೆ ಒಂದು ಮಾತು. ಗೋಡೆಗೆ ಹಲಗೆ ಹೊಡೆದು ಪ್ರತಿ ಪಾನಾದ ಆಕಾರ ಬಣ್ಣದಲ್ಲಿ ಬರೆಯಿರಿ. ಸಂಜೆ ಬೀಗ ಹಾಕುವಾಗ ಯಾವುದು ಇಲ್ಲ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಮ್ಮಲ್ಲಿ ಟ್ರ್ಯಾಕ್ಟರಿನ ಸಾಮಾನು ನಾಲ್ಕು ಮನೆ ಕೂಡಿ ಇಟ್ಟಿದ್ದೆವು. 10-11ರ ಒಂದು ರಿಂಗ್ ಪಾನಾ ಕಳೆದು ಎರಡು ಮನೆ ಒಂದು ವರ್ಷ ಮಾತು ಬಿಟ್ಟರು.

ಟಿಳಕವಾಡಿ ಪದ್ಮಿನಿ
ಬುಧವಾರ ರಾತ್ರಿ 9:10

ಶೆಡ್ಡಿಗೆ ಹೋಗಿ ಬಂದೆ. ಟೇಪ್ ಹಿಡಿದು ಅಳೆದೆ. ಮಾಡು ಬದಿಯಲ್ಲಿ 12 ಅಡಿ, ನಡುವೆ 16 ಅಡಿ. ಲಿಫ್ಟ್ ನಡುವೆಯೇ ಬರಬೇಕು. ತ್ರೀ ಫೇಸ್ ಕರೆಂಟು ಇದೆ, ಆದರೆ ಲೋಡ್ ಹೆಚ್ಚಿಸೋಕೆ ಹೆಸ್ಕಾಂಗೆ ಅರ್ಜಿ ಕೊಡಬೇಕು. ಶೌಚಾಲಯ ಇದೆ, ಬಾಗಿಲು ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ಮಾಲೀಕರ ಹತ್ತಿರ ಮಾತಾಡಿದೆ. ಬಾಗಿಲು ನಾವು ಹಾಕಿಸಿಕೊಂಡರೆ ಮೊದಲ ತಿಂಗಳ ಬಾಡಿಗೆಯಲ್ಲಿ ಕಳೆಯುತ್ತಾರೆ. ನೀರಿನ ಟ್ಯಾಂಕು ಅವರೇ ಕೂಡಿಸುತ್ತಾರೆ.

ಇವತ್ತಿಗೆ 17 ಜನ ಆಗಿದ್ದೇವೆ. ಅದರಲ್ಲಿ 4 ಮಂದಿ ತಾಸು ಕೊಡುವ ಹುಡುಗರು. ದುಡ್ಡು ಕೊಡುವವರು 13. ಲೆಕ್ಕದ ಸರ್, ಈಗ ತಲೆಗೆ ಎಷ್ಟು?

ಶಹಾಪುರ ಲೆಕ್ಕ
ಬುಧವಾರ ರಾತ್ರಿ 9:25

25 ಸಾವಿರವನ್ನು 13ರಿಂದ ಭಾಗಿಸಿದರೆ 1,923. ತಿಂಗಳಿಗೆ 2,000 ಅಂತ ಇಟ್ಟರೆ ಸಾವಿರ ರೂಪಾಯಿ ಉಳಿಯುತ್ತದೆ. ಕಾಕಾ ಅವರಿಂದ ದುಡ್ಡು ತಗೊಳ್ಳಬಾರದು ಅಂತ ನನ್ನ ಅನಿಸಿಕೆ. ಅವರನ್ನು ಬಿಟ್ಟರೂ 12 ಜನರಿಂದ 24 ಸಾವಿರ, ಸಾವಿರ ಕಡಿಮೆ ಬೀಳುತ್ತದೆ. ಮೊದಲ ವರ್ಷ ಅದನ್ನು ನಾನು ಹಾಕುತ್ತೇನೆ.

ಉದ್ಯಮಬಾಗ್ ಲೇತ್
ಬುಧವಾರ ರಾತ್ರಿ 9:33

ನನ್ನ 2,000 ನಾನು ಕೊಡುತ್ತೇನೆ. ಎಲ್ಲರಂತೆ ನಾನು.

ಟಿಳಕವಾಡಿ ಪದ್ಮಿನಿ
ಭಾನುವಾರ ರಾತ್ರಿ 8:05

ಇವತ್ತು ಏನಾಯಿತು ಅಂತ ಬಾರದವರಿಗೆ ಹೇಳುತ್ತೇನೆ. ಕರಾರಿಗೆ ಇನ್ನೂ ಸಹಿ ಆಗಿಲ್ಲ. ಆದರೆ ಕಾಕಾ, "ಗಾಡಿ ಎಷ್ಟು ದಿನ ಹಾಗೇ ನಿಲ್ಲಿಸುತ್ತೀ" ಅಂತ ಹೇಳಿ ನಮ್ಮ ಮನೆಗೇ ಬಂದರು. ಅನಗೋಳದ ಅಕ್ಕ ಬಂದರು, ಮಚ್ಛೆ ಹುಡುಗ ಬಂದ. ಜಿಪ್ಸಿಯವನು ಸ್ಟ್ಯಾಂಡು ತಂದ.

ಪೆಡಲಿನ ಒತ್ತನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಬೇಕು ಅಂದರು ಕಾಕಾ. ನಮ್ಮ ಗಾಡಿಗೆ ಹಿಂದಿನ ಎಡ ಚಕ್ರ. ಅಕ್ಕ ಡ್ರೈವರ್ ಸೀಟಿನಲ್ಲಿ ಕೂತರು. ಹುಡುಗ ಚಕ್ರದ ಹತ್ತಿರ ಮಂಡಿಯೂರಿದ. ನಿಪ್ಪಲಿಗೆ ಪಾರದರ್ಶಕ ಪೈಪು ಹಾಕಿ, ಅದರ ಇನ್ನೊಂದು ತುದಿಯನ್ನು ಹೊಸ ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿದೆವು. ಕಾಕಾ ನಡುವೆ ನಿಂತು ಹೇಳುತ್ತಿದ್ದರು. "ತುಳಿ. ಹಿಡಿ. ತೆಗಿ. ಮುಚ್ಚು. ಬಿಡು." ಹುಡುಗ ಮುಚ್ಚುವ ಮೊದಲೇ ಅಕ್ಕ ಒಂದು ಸಲ ಕಾಲು ಬಿಟ್ಟರು. ಪೈಪಿನಲ್ಲಿ ಗುಳ್ಳೆ ಹಿಂದಕ್ಕೆ ಓಡಿತು. ಕಾಕಾ ಬೈಯಲಿಲ್ಲ. ಅಕ್ಕನನ್ನು ಕೆಳಗೆ ಇಳಿಸಿ, ಚಕ್ರದ ಹತ್ತಿರ ಕೂರಿಸಿ, ಆ ಗುಳ್ಳೆ ತೋರಿಸಿದರು. ಆಮೇಲೆ ಒಂದೂ ತಪ್ಪಲಿಲ್ಲ.

ಮೊದಲು ಬಂದ ಆಯಿಲ್ ಕಪ್ಪು ಚಹಾದ ಬಣ್ಣ, ತಳದಲ್ಲಿ ಕೆಸರು. ಏಳೆಂಟು ಸಲ ತುಳಿದ ಮೇಲೆ ಹೊಸ ಆಯಿಲಿನ ತಿಳಿ ಬಣ್ಣ ಬಂತು. ನಾಲ್ಕೂ ಚಕ್ರಕ್ಕೆ ಎರಡು ತಾಸು ಹಿಡಿಯಿತು. ಹಿಂದಿನ ಬಲ ಚಕ್ರದ ಸಿಲಿಂಡರಿನಲ್ಲಿ ಸಣ್ಣ ತೇವ ಇದೆ. ಅದನ್ನು ಬಿಚ್ಚಿ ರಬ್ಬರ್ ಕಿಟ್ ಹಾಕುವವರೆಗೆ ಗಾಡಿ ಗೇಟು ದಾಟುವ ಹಾಗಿಲ್ಲ ಅಂತ ಆಟೋನಗರದವರು ಸಂಜೆ ಬಂದು ನೋಡಿ ಹೇಳಿದರು. ಮುಯ್ಯಿ ಪುಸ್ತಕದ ಮೊದಲ ಪುಟದಲ್ಲಿ ಬರೆದು ಸಹಿ ಹಾಕಿದರು. ಅಕ್ಕನ ಹೆಸರಿಗೆ ಎರಡು ತಾಸು, ಹುಡುಗನ ಹೆಸರಿಗೆ ಎರಡು ತಾಸು ಜಮಾ. ನನ್ನ ಹೆಸರಿಗೆ ನಾಲ್ಕು ತಾಸು ಸಾಲ.

ಕೊನೆಗೆ ಅವ್ವ ಹೊರಗೆ ಬಂದಳು. ಎಲ್ಲರಿಗೂ ಚಹಾ ಕೊಟ್ಟು, ಕಾರಿನ ಬಾಗಿಲು ತೆಗೆದು, ಸೀಟಿನ ಮೇಲೆ ಅರ್ಧ ಕೂತು, ತಾನೇ ಒಂದು ಸಲ ಪೆಡಲ್ ಒತ್ತಿ ನೋಡಿದಳು.

ಮುಂದಿನ ಭಾನುವಾರ ಅಕ್ಕನ 800. ಬೆಳಿಗ್ಗೆ 8 ಗಂಟೆಗೆ ನಮ್ಮ ಮನೆ ಹತ್ತಿರವೇ. ನಟ್ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್ ಇದ್ದವರು ತನ್ನಿ.